ಜೀಪಿನ ಕೀ ಯಾರ ಕೈಯಲ್ಲಿ?

ದಂಪತಿಗಳಿಗೆ ತರಗತಿ ಇದೆ, ಬನ್ನಿ ಅಂದರೆ ಮಡಿಕೇರಿಯಲ್ಲಿ ಸಿಗುವ ಉತ್ತರ ಒಂದೇ: 'ನಮ್ಮಲ್ಲಿ ಅಂಥ ಜಗಳ ಏನೂ ಇಲ್ವಲ್ಲ ಮೇಡಂ?' ಇಲ್ಲದಿದ್ದಾಗಲೇ ಬರಬೇಕು. ಇದು ಆಪ್ತಸಮಾಲೋಚನೆ ಅಲ್ಲ. ಮನೆಯ ಗುಟ್ಟನ್ನು ಯಾರ ಮುಂದೆಯೂ ಬಿಚ್ಚಬೇಕಿಲ್ಲ. ನಾಲ್ಕೈದು ಜೋಡಿ ಸೇರಿ ಮಾತಾಡುವ ಕ್ರಮ ಕಲಿಯುತ್ತಾರೆ, ಆಮೇಲೆ ತಮ್ಮ ತಮ್ಮ ಮೂಲೆಯಲ್ಲಿ ಕೂತು ಅಭ್ಯಾಸ ಮಾಡುತ್ತಾರೆ. ಪಕ್ಕದಲ್ಲಿ ಕೂತವರು ಹೇಗೋ ನೆಂಟರೇ ಆಗಿಬಿಡುವ ಕೊಡಗಿನಲ್ಲಿ ಇದು ಸಣ್ಣ ಅನುಕೂಲ ಅಲ್ಲ.

ನಾನು ತರಗತಿ ಇಡುವುದು ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಕರೆದರೆ ಯಾರು ಬರುತ್ತಾರೆ?

ಒಮ್ಮೆ ಸುಂಟಿಕೊಪ್ಪ ಕಡೆಯ ಜೋಡಿಯೊಂದು ಬಂದಿತ್ತು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಜಗಳ ಫೆಬ್ರವರಿಯದ್ದು, ಜುಲೈಯಲ್ಲೂ ಹಸಿಯಾಗಿತ್ತು. ರೊಬಸ್ಟಾ ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕುವಾಗ ಗಂಡ ರಾತ್ರಿಯೆಲ್ಲ ತೋಟದಲ್ಲಿ. 'ನಾನೊಬ್ಬಳು ಮನೇಲಿದ್ದೀನಿ ಅನ್ನೋದೇ ಇವರಿಗೆ ನೆನಪಿರಲ್ಲ' ಎಂದು ಹೆಂಡತಿ. 'ದುಡಿಯೋದು ಯಾರಿಗೋಸ್ಕರ?' ಎಂದು ಗಂಡ.

ಅವರ ಜೀಪಿನ ಕೀ ಇಸಿದುಕೊಂಡು ನಿಯಮ ಹೇಳಿದೆ. ಕೀ ಹಿಡಿದವರು ಮಾತಾಡಬೇಕು, ಚುಟುಕಾಗಿ. ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ಸಮಜಾಯಿಷಿ ಕೊಡುವಂತಿಲ್ಲ. 'ಹೌದು, ಅದೇ' ಅನ್ನಿಸಿಕೊಂಡ ಮೇಲೆ ಕೀ ಕೈ ಬದಲಿಸುತ್ತದೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಹೋವರ್ಡ್ ಮಾರ್ಕ್‌ಮನ್ ಮತ್ತು ಸ್ಕಾಟ್ ಸ್ಟಾನ್ಲಿ ದಂಪತಿಗಳಿಗೆಂದು ರೂಪಿಸಿದ 'ಪ್ರೆಪ್' ತರಬೇತಿ ಕಾರ್ಯಕ್ರಮದ ಮುಖ್ಯ ಪಾಠ ಇದು. ಕೀ ಮಾತ್ರ ನಮ್ಮದು.

ಗಂಡ ಎರಡು ಸಲ ಎಡವಿದರು. 'ನಾನು ಕೆಲಸ ಮಾಡಬಾರದು ಅಂತೀಯ.' ಅಲ್ಲ. 'ತೋಟವೇ ಬೇಡ ಅಂತೀಯ.' ಅದೂ ಅಲ್ಲ. ಮೂರನೇ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ತಡ ಆಗತ್ತೆ ಅಂತ ಒಂದು ಫೋನೂ ಮಾಡಲ್ಲ... ಅದಾ?'

'ಅದು ಆನೆ ಓಡಾಡೋ ದಾರಿ. ಫೋನ್ ಬರದಿದ್ರೆ ನಾನು ಹೇಗೆ ನಿದ್ದೆ ಮಾಡ್ಲಿ?'

ಐದು ತಿಂಗಳು ಗಂಡ ಅದನ್ನು ದೂರು ಅಂದುಕೊಂಡಿದ್ದರು.

ಹಾಗಂತ ಇದು ಮಂತ್ರವೇನಲ್ಲ. ಅಮೆರಿಕದಲ್ಲಿ ಇಂಥ ತರಗತಿಗಳನ್ನು 8 ಕಡೆ, 6,000ಕ್ಕೂ ಹೆಚ್ಚು ಜೋಡಿಗಳ ಮೇಲೆ ಪರೀಕ್ಷಿಸಿದ ದೊಡ್ಡ ಅಧ್ಯಯನವಿದೆ. ಎರಡೂವರೆ ವರ್ಷದ ನಂತರ ನೋಡಿದಾಗ ಸಂಬಂಧ ಸ್ವಲ್ಪ ಸುಧಾರಿಸಿತ್ತು, ಬೇರೆಯಾಗುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ 'ಸ್ವಲ್ಪ' ನನಗೆ ಸಾಕು. ಆದರೆ ಹೊಡೆತ, ಬೆದರಿಕೆ ಇರುವ ಮನೆಯವರನ್ನು ನಾನು ಈ ತರಗತಿಗೆ ಸೇರಿಸುವುದಿಲ್ಲ. ಅಲ್ಲಿ ಹೆಂಡತಿ ಬಾಯಿಬಿಟ್ಟು ಹೇಳಿದ್ದಕ್ಕೆ ರಾತ್ರಿ ಮನೆಯಲ್ಲಿ ಏಟು ಬೀಳಬಹುದು. ಅವರಿಗೆ ಬೇಕಾದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ, 181 ಮಹಿಳಾ ಸಹಾಯವಾಣಿ.

ಉಳಿದವರಿಗೆ ಮನೆಪಾಠ ಒಂದೇ: ವಾರಕ್ಕೊಮ್ಮೆ ಕಾಲು ಗಂಟೆ, ಟಿವಿ ಆಫ್. ದನಿ ಏರಿದರೆ ನಿಲ್ಲಿಸಿ, ಆದರೆ ಮತ್ತೆ ಯಾವಾಗ ಕೂರೋಣ ಅಂತ ಹೇಳಿಯೇ ಏಳಿ. ಸುಮ್ನೆ ಎದ್ದು ಹೋಗುವುದು ಜಾಸ್ತಿ ನೋಯಿಸುತ್ತದೆ.

ಆ ಜೋಡಿ ಸಂತೆ ದಿನ ಆರಿಸಿಕೊಂಡಿದೆ. ಸಾಮಾನು ಇಳಿಸಿ, ಕೀ ಮೇಜಿನ ಮೇಲಿಟ್ಟು ಕೂರುತ್ತಾರಂತೆ. ಮೊದಲು ಕೀ ಎತ್ತಿಕೊಳ್ಳುವುದು ಯಾರು ಅನ್ನೋದಕ್ಕೇ ಒಂದು ಜಗಳ ಆಗತ್ತೆ ಮೇಡಂ, ಎಂದು ಆಕೆ ನಕ್ಕರು.