ಮೆಶ್ ಇಂಟರ್‌ಕಾಮ್: ಡಬ್ಬಿಯ ಮೇಲಿನ ಪದಕ್ಕೆ ನಿಜವಾದ ಅರ್ಥವೇನು?

"ಬ್ಲೂಟೂತ್ 5.3 ಮೆಶ್ ಇಂಟರ್‌ಕಾಮ್, ಇಬ್ಬರು ಸವಾರರಿಗೆ." ಓಡುವ ಬೈಕಿನಿಂದ ಬೈಕಿಗೆ ಮಾತಾಡೋಕೆ ಹೆಲ್ಮೆಟ್ಟಿಗೆ ಅಂಟಿಸುವ ಸಾಧನದ ಡಬ್ಬಿಯ ಮೇಲೆ ಈ ಥರದ ಸಾಲು ಮತ್ತೆ ಕಣ್ಣಿಗೆ ಬಿತ್ತು. ಮೆಶ್ ಅಂದರೆ ಬಲೆ. ಇಬ್ಬರಿಗೇ ಮುಗಿಯುವ ಸಾಧನದಲ್ಲಿ ಅದು ಎಲ್ಲಿಂದ ಬಂತು? ಎರಡು ಚುಕ್ಕಿಗಳ ನಡುವೆ ಎಳೆಯೋಕೆ ಆಗೋದು ಒಂದೇ ಗೆರೆ. ಒಂದು ಗೆರೆಗೆ ಯಾರೂ ಬಲೆ ಅನ್ನೋದಿಲ್ಲ, ಅಲ್ವಾ? ಆದರೆ ಮಾರುವವರು ಹಾಗೇ ಬರೆಯುತ್ತಾರೆ. ಕೊಳ್ಳುವವರೂ "ಇದ್ರಲ್ಲಿ ಮೆಶ್ ಇದೆಯಾ?" ಅಂತ ಕೇಳಿ, ಇದೆ ಅಂದ ತಕ್ಷಣ ಸಮಾಧಾನ ಪಟ್ಟುಕೊಳ್ಳುತ್ತಾರೆ. ಜಾಸ್ತಿ ದೂರ ಕೇಳಿಸುತ್ತೆ, ಧ್ವನಿ ಚೆನ್ನಾಗಿರುತ್ತೆ, ಎಲ್ಲ ಕಂಪನಿಯದಕ್ಕೂ ಸೇರುತ್ತೆ ಅನ್ನುವ ಮೂರು ಆಸೆಗಳನ್ನು ಈ ಒಂದು ಪದದ ಮೇಲೆ ಹೊರಿಸಿಬಿಟ್ಟಿದ್ದೇವೆ. ಈ ಪದ ಮೂರರಲ್ಲಿ ಒಂದಕ್ಕೂ ಖಾತರಿ ಕೊಡೋದಿಲ್ಲ.

ಮೆಶ್ ಅನ್ನೋದು ಒಂದು ಜೋಡಣೆಯ ಹೆಸರು. ಗುಂಪಿನ ಪ್ರತಿ ಹೆಲ್ಮೆಟ್ಟೂ ತನಗೆ ಸಿಗ್ನಲ್ ಸಿಗುವ ಉಳಿದ ಎಲ್ಲ ಹೆಲ್ಮೆಟ್ಟುಗಳ ಜೊತೆ ನೇರವಾಗಿ ಮಾತಾಡುತ್ತೆ. ಸಿಗದಷ್ಟು ದೂರ ಇರುವವರಿಗೆ ನಡುವೆ ಇರುವವರ ಹೆಲ್ಮೆಟ್ ಮಾತನ್ನು ದಾಟಿಸುತ್ತೆ. ಯಾರು ಯಾರಿಗೆ ದಾಟಿಸಬೇಕು ಅನ್ನೋದನ್ನು ಯಾರೂ ಮೊದಲೇ ಗೊತ್ತು ಮಾಡಿರೋದಿಲ್ಲ. ಓಡುತ್ತಾ ಓಡುತ್ತಾ ಸಾಧನಗಳೇ ಅದನ್ನು ತೀರ್ಮಾನಿಸುತ್ತವೆ. ಈ ಕೊನೆಯ ಮಾತೇ ಮುಖ್ಯ. ಇದು ಇಲ್ಲದಿದ್ದರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ಮೆಶ್ ಅಲ್ಲ.

ಯೋಚನೆ ಹೊಸದೇನೂ ಅಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 1970ರ ದಶಕದಲ್ಲೇ ಓಡಾಡುವ ವಾಹನಗಳಲ್ಲಿ ರೇಡಿಯೋ ಇಟ್ಟು, ಒಂದರ ಮಾತನ್ನು ಇನ್ನೊಂದು ದಾಟಿಸುವ ಪ್ರಯೋಗ ನಡೆಸಿತ್ತು. ಹೆಲ್ಮೆಟ್ಟಿಗೆ ಅದು ಬಂದದ್ದು ತುಂಬಾ ತಡವಾಗಿ. ಕಾರ್ಡೋ ಕಂಪನಿ 2015ರಲ್ಲಿ ಪ್ಯಾಕ್‌ಟಾಕ್ ಅನ್ನುವ ಸಾಧನದಲ್ಲಿ, ಡಿಎಂಸಿ ಅನ್ನುವ ಹೆಸರಿನಲ್ಲಿ, 15 ಸವಾರರವರೆಗೆ ಸೇರಿಸುವ ಮೆಶ್ ತಂದಿತು. ಸೇನಾ ಅನ್ನುವ ಇನ್ನೊಂದು ಕಂಪನಿ 2018ರಲ್ಲಿ 30ಕೆ ಅನ್ನುವ ಸಾಧನದ ಮೂಲಕ ಬಂತು. ಅದರ ಗ್ರೂಪ್ ಮೆಶ್‌ನಲ್ಲಿ, ಅಂದರೆ ತಮ್ಮ ಗುಂಪಿನವರಷ್ಟೇ ಇರುವ ಮೆಶ್‌ನಲ್ಲಿ, 24 ಜನ ಸೇರಬಹುದು.

ಅದಕ್ಕೂ ಮೊದಲು ಇದ್ದದ್ದು, ಈಗಲೂ ಧಾರಾಳವಾಗಿ ಸಿಗೋದು, ಬ್ಲೂಟೂತ್ ಸರಪಳಿ. ಗಲಿಬಿಲಿ ಶುರುವಾಗೋದೇ ಇಲ್ಲಿಂದ. ನಾಲ್ಕು ಬೈಕು ಅಂದುಕೊಳ್ಳಿ. ಒಂದನೆಯವರು ಎರಡನೆಯವರ ಜೊತೆ ಪೇರ್ ಆಗುತ್ತಾರೆ, ಎರಡನೆಯವರು ಮೂರನೆಯವರ ಜೊತೆ, ಮೂರನೆಯವರು ನಾಲ್ಕನೆಯವರ ಜೊತೆ. ನಾಲ್ವರಿಗೂ ನಾಲ್ವರ ಮಾತೂ ಕೇಳಿಸುತ್ತೆ. ಹೊರಡುವ ಮುಂಚೆ ನಿಂತಲ್ಲೇ ಪರೀಕ್ಷೆ ಮಾಡಿದರೆ ಇದಕ್ಕೂ ಮೆಶ್‌ಗೂ ವ್ಯತ್ಯಾಸವೇ ಗೊತ್ತಾಗೋದಿಲ್ಲ. "ನಾಲ್ಕು ಜನ ಮಾತಾಡಿದ್ವಿ, ಹಾಗಾದ್ರೆ ಇದು ಮೆಶ್" ಅನ್ನೋದು ಇದೇ ಧೈರ್ಯದ ಮೇಲೆ.

ಈಗ ಎರಡನೆಯವರು ಪೆಟ್ರೋಲ್ ಹಾಕಿಸೋಕೆ ನಿಂತರು. ಒಂದನೆಯವರ ಪಾಲಿಗೆ ಆ ಕ್ಷಣಕ್ಕೆ ಗುಂಪೇ ಇಲ್ಲ. ಮೂರು, ನಾಲ್ಕು ಇಬ್ಬರೇ ಮಾತಾಡಿಕೊಂಡು ಬರುತ್ತಿದ್ದಾರೆ. ಮುಂದಿನ ಸಿಗ್ನಲ್ಲಿನಲ್ಲಿ ಒಂದನೆಯವರೂ ಮೂರನೆಯವರೂ ಪಕ್ಕಪಕ್ಕ, ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವಷ್ಟು ಹತ್ತಿರ ನಿಂತರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳೋದಿಲ್ಲ. ಯಾಕೆಂದರೆ ಅವರಿಬ್ಬರ ನಡುವೆ ಕೊಂಡಿ ಅನ್ನೋದು ಯಾವತ್ತೂ ಇರಲೇ ಇಲ್ಲ. ಇದ್ದ ಕೊಂಡಿ ಎರಡನೆಯವರು, ಅವರು ಬಂಕ್‌ನಲ್ಲಿದ್ದಾರೆ. ಕೊನೆಗೆ ಮುಖದ ಗಾಜು ಎತ್ತಿ ಕೂಗಬೇಕು. ಒಬ್ಬರ ಬ್ಯಾಟರಿ ಸತ್ತರೂ ಇದೇ ಕತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸರಪಳಿಯಲ್ಲಿ ಇನ್ನೊಂದು ಪೀಡೆ ಇದೆ. ಪೇರ್ ಮಾಡಿದ ಸಾಲಿನಲ್ಲೇ ಓಡಿಸಬೇಕು. ನಾಲ್ಕನೆಯವರು ಹುರುಪು ಬಂದು ಎಲ್ಲರನ್ನೂ ದಾಟಿ ಮುಂದೆ ಹೋದರೆ, ಅವರ ಮಾತು ಮೊದಲು ಅಷ್ಟು ದೂರ ಹಿಂದಿರುವ ಮೂರನೆಯವರನ್ನು ಮುಟ್ಟಿ, ಅಲ್ಲಿಂದ ತಿರುಗಿ ಮುಂದೆ ಬರಬೇಕು. ಎರಡು ಬೈಕು ಅಂತರ ಇದ್ದರೆ ಆಗಬಹುದು. ರಸ್ತೆ ತಿರುವು ತಿರುವಾಗಿದ್ದರೆ ಗಂಟಲು ಹರಿದುಕೊಂಡರೂ ಆಗೋದಿಲ್ಲ.

ಇದೆಲ್ಲ ಯಾಕೆ ಹೀಗೆ ಅಂದರೆ ಬ್ಲೂಟೂತ್ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಫೋನಿಗೂ ಹೆಡ್‌ಸೆಟ್ಟಿಗೂ ನಡುವಿನ ತಂತಿ ತೆಗೆಯೋದು ಅದರ ಮೂಲ ಗುರಿ. ಒಂದು ಬ್ಲೂಟೂತ್ ಗುಂಪಿನಲ್ಲಿ ಯಜಮಾನ ಸಾಧನ ಒಂದೇ. ಅದರ ಕೈಕೆಳಗೆ ಒಂದೇ ಸಲಕ್ಕೆ ಚುರುಕಾಗಿ ಇರಬಹುದಾದದ್ದು 7. ಅದರಲ್ಲೂ ಮಾತು ಸಾಗಿಸುವ ಎಸ್‌ಸಿಒ ಅನ್ನುವ ಕೊಂಡಿ 3ಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಕಂಪನಿಗಳು ಈ ಮಿತಿಯ ಸುತ್ತ ಜಾಣತನದಿಂದ ಕಟ್ಟಿದ್ದೇ ಸರಪಳಿ. 8 ಜನರ ಸರಪಳಿ ಕಟ್ಟುವ ಮಾದರಿಗಳೂ ಬಂದಿವೆ. ಜಾಣತನ ಹೌದು. ಆದರೂ ಅದು ಸರಪಳಿಯೇ.

ಮೆಶ್‌ನಲ್ಲಿ ಎರಡನೆಯವರು ಬಂಕ್‌ಗೆ ತಿರುಗಿದರೆ ಉಳಿದ ಮೂವರಿಗೆ ಏನೂ ಆಗೋದಿಲ್ಲ. ಅವರು ಪೆಟ್ರೋಲ್ ಹಾಕಿಸಿ ಬಂದು ಸಮೀಪಿಸಿದ ಮೇಲೆ ತಾವಾಗಿಯೇ ಸೇರಿಕೊಳ್ಳುತ್ತಾರೆ, ಗುಂಡಿ ಒತ್ತುವ ಕೆಲಸ ಇಲ್ಲ. ಯಾರು ಮುಂದೆ, ಯಾರು ಹಿಂದೆ ಅನ್ನೋ ಲೆಕ್ಕವೂ ಇಲ್ಲ. ಮೆಶ್‌ಗೆ ದುಡ್ಡು ಕೊಡೋದು ಇದಕ್ಕೆ. ಇದು ನಿಮಗೆ ಬೇಡದಿದ್ದರೆ ಮೆಶ್ ಕೂಡ ಬೇಡ.

ಇನ್ನು "ಬ್ಲೂಟೂತ್ ಮೆಶ್" ಅನ್ನೋ ಜೋಡಿಪದ. ಇದು ನಿಜವಾಗಿಯೂ ಇದೆ, ಅದೇ ತೊಂದರೆ. ಬ್ಲೂಟೂತ್‌ನ ಮಾನಕಗಳನ್ನು ರೂಪಿಸುವ ಸಂಸ್ಥೆ ಬ್ಲೂಟೂತ್ ಎಸ್‌ಐಜಿ 2017ರಲ್ಲಿ ಬ್ಲೂಟೂತ್ ಮೆಶ್ ಅನ್ನುವ ಮಾನಕ ಹೊರತಂದಿತು. ಅದು ಬಲ್ಬು, ಸ್ವಿಚ್ಚು, ಸೆನ್ಸರ್‌ಗಳಿಗಾಗಿ ಮಾಡಿದ್ದು. "ಈ ಮಹಡಿಯ ದೀಪ ಆರಿಸು" ಅನ್ನುವಂಥ ಪುಟ್ಟ ಸಂದೇಶಗಳನ್ನು ಬಲ್ಬಿಂದ ಬಲ್ಬಿಗೆ ದಾಟಿಸುತ್ತೆ. ಎಡೆಬಿಡದೆ ಹರಿಯುವ ಮಾತನ್ನು ಸಾಗಿಸೋಕೆ ಅದನ್ನು ರೂಪಿಸಿಲ್ಲ. ಹೆಲ್ಮೆಟ್ಟಿನ ಮೆಶ್ ಆಯಾ ಕಂಪನಿ ತಾನೇ ಕಟ್ಟಿಕೊಂಡ ಬೇರೆ ವ್ಯವಸ್ಥೆ. ಬ್ಲೂಟೂತ್ ಅದರ ಪಕ್ಕದಲ್ಲಿ ಇರುತ್ತೆ, ಫೋನಿನ ಕರೆ, ಹಾಡು, ದಾರಿ ಹೇಳುವ ಧ್ವನಿ ಇವುಗಳಿಗಾಗಿ. ಎರಡೂ ಒಂದೇ ಡಬ್ಬಿಯಲ್ಲಿ ಕೂತಿವೆ ಅಂತ ಎರಡನ್ನೂ ಸೇರಿಸಿ ಒಂದು ಹೆಸರು ಕಟ್ಟೋದು ಸರಿಯಲ್ಲ.

ಮತ್ತೆ ಡಬ್ಬಿಯ ಮೇಲಿನ ಆ 5.3, ಅಂದರೆ ಬ್ಲೂಟೂತ್ ಆವೃತ್ತಿಯ ಸಂಖ್ಯೆ. ಬ್ಲೂಟೂತ್ 5 ಬಂದಾಗ "ನಾಲ್ಕು ಪಟ್ಟು ದೂರ, ಎರಡು ಪಟ್ಟು ವೇಗ" ಅಂತ ಸುದ್ದಿಯಾಯಿತು. ಆ ಎರಡೂ ಲೋ ಎನರ್ಜಿ ಅನ್ನುವ, ಕಡಿಮೆ ವಿದ್ಯುತ್ತಿನಲ್ಲಿ ಓಡುವ ಭಾಗಕ್ಕೆ ಸಂಬಂಧಿಸಿದ್ದು. ಸರಪಳಿ ಇಂಟರ್‌ಕಾಮ್‌ನಲ್ಲಿ ಮಾತು ಸಾಗೋದು ಹಳೆಯ, ಕ್ಲಾಸಿಕ್ ಬ್ಲೂಟೂತ್ ಮೇಲೆ. 4.1 ಇರುವ ಒಳ್ಳೆಯ ಸಾಧನ 5.3 ಇರುವ ಸಾಧಾರಣ ಸಾಧನಕ್ಕಿಂತ ದೂರ ಮುಟ್ಟಿದರೆ ಆಶ್ಚರ್ಯ ಪಡಬೇಕಿಲ್ಲ. ಆಂಟೆನಾ ಹೇಗಿದೆ, ಎಷ್ಟು ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತೆ ಅನ್ನೋದರ ಮೇಲೆ ಅದು ನಿಂತಿದೆ.

ದೂರದ ವಿಷಯಕ್ಕೆ ಬಂದದ್ದೇ ಆಯಿತು, ಡಬ್ಬಿಯ ಮೇಲಿನ ಕಿಲೋಮೀಟರ್ ಲೆಕ್ಕ ನೋಡೋಣ. ಮೆಶ್ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು, ಬೈಕಿಂದ ಬೈಕಿಗೆ ಎಷ್ಟು. ಇನ್ನೊಂದು, ಇಡೀ ಗುಂಪು ಎಷ್ಟು ದೂರ ಹರಡಿಕೊಳ್ಳಬಹುದು. ಎರಡನೆಯದು ದಪ್ಪ ಅಕ್ಷರದಲ್ಲಿ ಇರುತ್ತೆ. 8 ಕಿ.ಮೀ. ಅಂತಿದ್ದರೆ ಅದರ ಅರ್ಥ, ನಡುವೆ ಸಾಕಷ್ಟು ಬೈಕುಗಳು ಸರಿಯಾದ ಅಂತರದಲ್ಲಿ ಸಾಲಾಗಿ ಇದ್ದಾಗ ಮೊದಲನೆಯವರಿಂದ ಕೊನೆಯವರಿಗೆ 8 ಕಿ.ಮೀ. ಇಬ್ಬರೇ ಹೊರಟರೆ ಆ ಅಂಕಿಗೆ ಅರ್ಥವೇ ಇಲ್ಲ. ದಾಟಿಸೋಕೆ ಯಾರೂ ಇಲ್ಲವಲ್ಲ.

ಮೊದಲನೆಯ ಅಂಕಿಯನ್ನೂ ಹಾಗೇ ನಂಬಬೇಡಿ. ಮೆಶ್ ಇರಲಿ, ಬ್ಲೂಟೂತ್ ಇರಲಿ, ಈ ಸಾಧನಗಳು ಓಡೋದು ಹೆಚ್ಚಾಗಿ 2.4 ಗಿಗಾಹರ್ಟ್ಜ್ ಸುತ್ತ. ಈ ತರಂಗಕ್ಕೆ ಎದುರಿನ ದಾರಿ ಕಾಣುತ್ತಿದ್ದರೆ ಸಾಲದು. ಆ ನೇರ ಗೆರೆಯ ಸುತ್ತ ಸ್ವಲ್ಪ ಜಾಗವೂ ಖಾಲಿ ಇರಬೇಕು. ಅದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. ಎರಡು ಬೈಕುಗಳ ನಡುವೆ 1 ಕಿ.ಮೀ. ಇದ್ದರೆ ನಟ್ಟನಡುವೆ ಈ ವಲಯದ ತ್ರಿಜ್ಯ ಸುಮಾರು 5.6 ಮೀಟರ್. ಸವಾರರ ಹೆಲ್ಮೆಟ್ ನೆಲದಿಂದ ಇರೋದು ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ. ಅಂದರೆ ರಸ್ತೆ ನೂಲು ಹಿಡಿದ ಹಾಗೆ ನೇರವಾಗಿದ್ದರೂ ಆ ವಲಯದ ಕೆಳಭಾಗವನ್ನು ನೆಲವೇ ನುಂಗಿಬಿಡುತ್ತೆ. ಮೇಲಿಂದ ಒಂದು ದಿಬ್ಬ, ನಡುವೆ ಒಂದು ಲಾರಿ, ರಸ್ತೆ ಬದಿಯ ಒದ್ದೆ ಮರಗಳು. ಮನುಷ್ಯನ ತಲೆ ಕೂಡ ಸುಮ್ನೆ ಇರೋದಿಲ್ಲ. ಸಾಧನ ಹೆಲ್ಮೆಟ್ಟಿನ ಎಡಗಡೆ ಅಂಟಿರುತ್ತೆ, ಬಲಗಡೆಯ ಬೈಕಿಗೆ ಹೋಗಬೇಕಾದ ಸಿಗ್ನಲ್ಲಿಗೆ ತಲೆಯೇ ಅಡ್ಡ.

ಮೆಶ್ ಈ ಭೌತಶಾಸ್ತ್ರವನ್ನು ಬದಲಿಸೋದಿಲ್ಲ. ತಿರುವಿನಲ್ಲಿ ಯಾರಾದರೂ ನಡುವೆ ಇದ್ದರೆ ಅವರ ಮೂಲಕ ಬಳಸಿಕೊಂಡು ಬರುತ್ತೆ, ಅಷ್ಟೇ. ಬೆಟ್ಟದ ದಾರಿಯಲ್ಲಿ ಐದು ಬೈಕಿನ ಗುಂಪಿಗೆ ಇದು ತುಂಬಾ ದೊಡ್ಡ ಉಪಕಾರ. ಇಬ್ಬರಿಗೆ ಏನೇನೂ ಇಲ್ಲ.

ಮೂರನೆಯ ಆಸೆ, ಎಲ್ಲ ಕಂಪನಿಯದಕ್ಕೂ ಸೇರುತ್ತೆ ಅನ್ನೋದು. ಇಲ್ಲಿ ವಿಚಿತ್ರ ನೋಡಿ. ಹಳೆಯ ಬ್ಲೂಟೂತ್ ಎಲ್ಲರಿಗೂ ಸೇರಿದ ಮಾನಕ. ಹೊಸ ಮೆಶ್ ಕಂಪನಿಗೊಂದು. ಕಾರ್ಡೋದ ಮೆಶ್ ಸೇನಾದ ಮೆಶ್ ಜೊತೆ ನೇರವಾಗಿ ಮಾತಾಡೋದಿಲ್ಲ. ಎರಡರ ಮೇಲೂ ಮೆಶ್ ಅಂತ ಬರೆದಿದೆ ಅನ್ನೋದನ್ನು ನಂಬಿಕೊಂಡು ಗುಂಪಿನವರು ತಲೆಗೊಂದು ಕಂಪನಿಯದು ತಂದರೆ, ಕೊನೆಗೆ ಬ್ಲೂಟೂತ್‌ಗೇ ಶರಣಾಗಬೇಕು.

ಆ ಶರಣಾಗತಿಗೆ ಯುನಿವರ್ಸಲ್ ಇಂಟರ್‌ಕಾಮ್ ಅಂತ ದೊಡ್ಡ ಹೆಸರು ಇಟ್ಟಿದ್ದಾರೆ. ಒಳಗೆ ನಡೆಯೋದು ಒಂದು ಸಣ್ಣ ವೇಷ. ನಿಮ್ಮ ಸಾಧನ ತಾನೊಂದು ಮೊಬೈಲ್ ಫೋನ್ ಅಂತ ಎದುರಿನವರ ಸಾಧನವನ್ನು ನಂಬಿಸಿ ಪೇರ್ ಮಾಡಿಕೊಳ್ಳುತ್ತೆ. ಇಬ್ಬರ ಮಾತು ಆಮೇಲೆ ಒಂದು ಮುಗಿಯದ ಫೋನ್ ಕರೆಯ ಹಾಗೆ ಹರಿಯುತ್ತೆ. ಕೆಲಸ ಆಗುತ್ತೆ, ಸುಳ್ಳು ಹೇಳಬಾರದು. ಆದರೆ ಫೋನಿಗೆ ಮೀಸಲಾದ ಎರಡು ಜಾಗಗಳಲ್ಲಿ ಒಂದು ಅಲ್ಲಿಗೆ ಹೋಯಿತು. ಎರಡನೇ ಫೋನೋ ಜಿಪಿಎಸ್ಸೋ ಅಲ್ಲಿ ಇದ್ದಿದ್ದರೆ ಅದು ಹೊರಗೆ. ಹೀಗೆ ಒಬ್ಬರ ಮೂಲಕ ಒಳಗೆ ಬಂದವರು ಆ ಒಬ್ಬರನ್ನೇ ನಂಬಿಕೊಂಡಿರುತ್ತಾರೆ. ಅವರು ದೂರವಾದರೆ ಇವರೂ ಗುಂಪಿನಿಂದ ಹೊರಗೆ. ಮೆಶ್ ಗುಂಪಿನ ತುದಿಗೆ ಮತ್ತೆ ಒಂದು ಸರಪಳಿ ಕಟ್ಟಿದ ಹಾಗಾಯಿತು.

ಹಾಗಾದರೆ ಯಾರಿಗೆ ಯಾವುದು? ಎರಡೇ ಬೈಕು, ಯಾವಾಗಲೂ ಅದೇ ಇಬ್ಬರು ಅಂದರೆ ಸಾದಾ ಬ್ಲೂಟೂತ್ ಇಂಟರ್‌ಕಾಮ್ ಸಾಕು. ಒಂದೇ ಕಂಪನಿಯದು, ಸಾಧ್ಯವಾದರೆ ಒಂದೇ ಮಾದರಿ. ಉಳಿದ ದುಡ್ಡನ್ನು ಒಳ್ಳೆಯ ಸ್ಪೀಕರ್‌ಗೆ ಹಾಕಿ. ಸ್ಪೀಕರನ್ನು ಹೆಲ್ಮೆಟ್ಟಿನೊಳಗೆ ಕಿವಿಯ ತೂತಿಗೆ ಸರಿಯಾಗಿ ಕೂರಿಸಿದರೆ ಸಿಗುವ ಲಾಭ ಯಾವ ಮೆಶ್‌ನಿಂದಲೂ ಸಿಗೋದಿಲ್ಲ. ಬೆರಳಗಲ ಹಿಂದೆ ಮುಂದೆ ಆದರೂ ವೇಗ ಹೆಚ್ಚಾದಾಗ ಗಾಳಿಯ ಸದ್ದೇ ಗೆಲ್ಲುತ್ತೆ. ಮೂರು ನಾಲ್ಕು ಬೈಕು, ಸಾಲು ಬಿಡದೆ ಓಡಿಸುವ ಶಿಸ್ತಿನ ಜನ ಅಂದರೆ ಸರಪಳಿ ನಡೆಯುತ್ತೆ. ಐದು ದಾಟಿದರೆ, ಅಥವಾ ಒಬ್ಬರನ್ನೊಬ್ಬರು ದಾಟುತ್ತಾ ನಿಲ್ಲುತ್ತಾ ಹೋಗುವ ಗುಂಪಾದರೆ, ಮೆಶ್ ತಗೊಳ್ಳಿ. ಎಲ್ಲರೂ ಒಂದೇ ಕಂಪನಿಯದು ತಗೊಳ್ಳಿ. ಮಾತು ದಾಟಿಸುವ ಕೆಲಸ ಸದಾ ನಡೆಯೋದರಿಂದ ಬ್ಯಾಟರಿ ಬ್ಲೂಟೂತ್‌ಗಿಂತ ಬೇಗ ಇಳಿಯುತ್ತೆ ಅನ್ನೋದು ನೆನಪಿರಲಿ.

ದೊಡ್ಡ ಗುಂಪಿನಲ್ಲಿ ಮುಂದೆ ದಾರಿ ತೋರಿಸುವ ಲೀಡ್‌ಗೂ ಎಲ್ಲರ ಹಿಂದೆ ಬರುವ ಸ್ವೀಪ್‌ಗೂ ಮಾತ್ರ ಸಂಪರ್ಕ ಬೇಕು ಅಂದರೆ ವಾಕಿಟಾಕಿಯನ್ನು ಮರೆಯಬೇಡಿ. ಅದರಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಗುಂಡಿ ಒತ್ತಬೇಕು, ಹರಟೆಗೆ ಆಗೋದಿಲ್ಲ. ಆದರೆ 446 ಮೆಗಾಹರ್ಟ್ಜ್ ಸುತ್ತಿನ ಉದ್ದದ ತರಂಗ ಅಡ್ಡ ಬಂದದ್ದನ್ನು 2.4 ಗಿಗಾಹರ್ಟ್ಜ್‌ಗಿಂತ ಚೆನ್ನಾಗಿ ಬಳಸಿಕೊಂಡು ಹೋಗುತ್ತೆ. ಯಾವ ತರಂಗ, ಎಷ್ಟು ಶಕ್ತಿ, ಪರವಾನಗಿ ಬೇಕೋ ಬೇಡವೋ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ತಿಳಿದುಕೊಂಡೇ ಕೊಳ್ಳಿ. ಮೊಬೈಲ್ ಸಿಗ್ನಲ್ ಎಲ್ಲೂ ತಪ್ಪದ ದಾರಿಯಾದರೆ ಇಬ್ಬರ ನಡುವೆ ಒಂದು ಫೋನ್ ಕರೆ ಹಚ್ಚಿ ಬಿಟ್ಟರೂ ಆಯಿತು. ಅದಕ್ಕೆ ಕಿಲೋಮೀಟರ್ ಮಿತಿಯೇ ಇಲ್ಲ.

ಕೊನೆಗೆ ಓಪನ್ ಮೆಶ್ ಮತ್ತು ಗ್ರೂಪ್ ಮೆಶ್. ಸೇನಾದಲ್ಲಿ ಈ ಎರಡೂ ಇವೆ. ಓಪನ್ ಅಂದರೆ ಆ ಚಾನೆಲ್‌ನಲ್ಲಿ ಇರುವ ಯಾರು ಬೇಕಾದರೂ, ಪೇರ್ ಮಾಡದೆಯೇ, ಸೇರಬಹುದು. ಮೊದಲಿಂದಲೇ ಹೊಂದಿಸಿ ಬಂದಿರೋದು ಚಾನೆಲ್ 1. ಹೊಸದಾಗಿ ಕೊಂಡವರೆಲ್ಲ ಬದಲಿಸದೆ ಅಲ್ಲೇ ಇರುತ್ತಾರೆ. ಹಾಗಾಗಿ ಸವಾರರು ಜಾಸ್ತಿ ಸೇರುವ ಜಾಗದಲ್ಲಿ ಗುರುತಿಲ್ಲದವರ ಮನೆ ಮಾತು ನಿಮ್ಮ ಕಿವಿಗೂ, ನಿಮ್ಮದು ಅವರ ಕಿವಿಗೂ ಬೀಳಬಹುದು. ಬೇಡ ಅಂದರೆ ಹೊರಡುವ ಮುಂಚೆ ಗ್ರೂಪ್ ಮೆಶ್ ಮಾಡಿಕೊಳ್ಳಿ, ಇಲ್ಲವೇ ಚಾನೆಲ್ಲಾದರೂ ಬದಲಿಸಿ.