ಜೋಳಕ್ಕೆ ನೆರಳು ಬೀಳಬಾರದು ಅಂತ ಲೈಬ್ರರಿಯನ್ನೇ ನೆಲದಡಿ ಕಟ್ಟಿದ ಯೂನಿವರ್ಸಿಟಿ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನ ನಡುವೆ ಒಂದು ಚಿಕ್ಕ ಮೆಕ್ಕೆಜೋಳದ ಹೊಲ ಇದೆ. ಹೆಸರು ಮಾರೋ ಪ್ಲಾಟ್ಸ್. 1876ರಿಂದ ಅಲ್ಲಿ ಬೆಳೆ ಪ್ರಯೋಗ ನಡೆಯುತ್ತಲೇ ಇದೆ. 1960ರ ದಶಕದಲ್ಲಿ ಪಕ್ಕದಲ್ಲೇ ಲೈಬ್ರರಿ ಕಟ್ಟಬೇಕಾಗಿ ಬಂತು. ಕಟ್ಟಡದ ನೆರಳು ಬಿದ್ದರೆ ಪ್ರಯೋಗ ಕೆಡುತ್ತದಲ್ಲ ಅಂತ ಲೈಬ್ರರಿಯನ್ನೇ ನೆಲದೊಳಗೆ ಇಳಿಸಿಬಿಟ್ಟರು. ಅಲ್ಲಿಗೆ ಓದಲು ಹೋಗುತ್ತೇನೆ ಅಂತ ನನ್ನ ಹತ್ತಿರ ಸಲಹೆ ಕೇಳಲು ಬರುವವರಿಗೆ ಮೊದಲು ಈ ಕಥೆಯನ್ನೇ ಹೇಳುತ್ತೇನೆ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಮೊದಲು, ಉಳಿದದ್ದು ಆಮೇಲೆ. ಆ ಉಳಿದದ್ದರಲ್ಲಿ ಕೆಲವು ಸಲ ನೀವೂ ಇರುತ್ತೀರಿ.

ಅರ್ಜಿ ಹಾಕುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಿ. ಇಲಿನಾಯ್ ವಿಶ್ವವಿದ್ಯಾಲಯ ಅನ್ನುವ ಹೆಸರಿನಲ್ಲಿ ಶಿಕಾಗೊ, ಸ್ಪ್ರಿಂಗ್‌ಫೀಲ್ಡ್‌ನಲ್ಲೂ ಕ್ಯಾಂಪಸ್ ಇವೆ, ಅವುಗಳ ಅಡ್ಮಿಶನ್ನೇ ಬೇರೆ. ನಾನು ಹೇಳುತ್ತಿರುವುದು ಶಿಕಾಗೊದಿಂದ ಇನ್ನೂರು ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿ, ಹೊಲಗಳ ನಡುವೆ, ಅಂಟಿಕೊಂಡಿರುವ ಎರಡು ಊರುಗಳಲ್ಲಿ ಹರಡಿರುವ ಕ್ಯಾಂಪಸ್ಸಿನ ಬಗ್ಗೆ. ಚಳಿಗಾಲ ಅಲ್ಲಿ ತಮಾಷೆಯಲ್ಲ.

1862ರ ಮೊರಿಲ್ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು ನಡೆಸಲು ಆ ಭೂಮಿಯಿಂದ ಬಂದ ದುಡ್ಡು. ಹಾಗೆ 1867ರಲ್ಲಿ ಹುಟ್ಟಿದ್ದು ಇದು. ರಾಜ್ಯದ ಸಂಸ್ಥೆ ಆದ್ದರಿಂದ ಇಲಿನಾಯ್‌ನವರಿಗೆ ಫೀಸು ಕಡಿಮೆ, ಹೊರಗಿನವರಿಗೆ ಅದಕ್ಕಿಂತ ತುಂಬಾ ಜಾಸ್ತಿ. 'ಪಬ್ಲಿಕ್' ಅಂತ ಓದಿ ಅಗ್ಗ ಅಂದುಕೊಂಡು ಬರುವ ಅಪ್ಪ-ಅಮ್ಮಂದಿರ ಮುಖ ಇಲ್ಲೇ ಬಾಡುತ್ತದೆ. ಪಿಎಚ್‌ಡಿಯವರ ಲೆಕ್ಕ ಬೇರೆ. ಪಾಠ ಮಾಡಿಯೋ ಲ್ಯಾಬಿನಲ್ಲಿ ಕೆಲಸ ಮಾಡಿಯೋ ಫೀಸು ಮಾಫಿ, ಮೇಲೆ ಸ್ಟೈಪೆಂಡ್ ಸಿಗುವುದು ಸಾಮಾನ್ಯ. ಎಂ.ಎಸ್.ಗೆ ಮಾತ್ರ ಹೆಚ್ಚಿನ ಸಲ ದುಡ್ಡು ನಿಮ್ಮದೇ.

ಅಲ್ಲಿ ಓದುವವರು 50 ಸಾವಿರಕ್ಕೂ ಜಾಸ್ತಿ. ಮೊದಲ ವರ್ಷದ ಕೆಲವು ಕ್ಲಾಸುಗಳಲ್ಲಿ ನೂರಾರು ಜನ ಕೂತಿರುತ್ತಾರೆ, ಪ್ರೊಫೆಸರಿಗೆ ನಿಮ್ಮ ಹೆಸರು ಗೊತ್ತಿರಲ್ಲ, ವಾರಕ್ಕೊಮ್ಮೆ ಸಣ್ಣ ಗುಂಪಿನಲ್ಲಿ ಲೆಕ್ಕ ಬಿಡಿಸಿ ತೋರಿಸುವ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೂಡ ತನ್ನ ಪಿಎಚ್‌ಡಿ ಒದ್ದಾಟದಲ್ಲಿರುವ ವಿದ್ಯಾರ್ಥಿಯೇ. ಇದಕ್ಕೆ ಔಷಧಿ ಆಫೀಸ್ ಅವರ್ಸ್. ಪ್ರೊಫೆಸರು ಬಾಗಿಲು ತೆರೆದು ಕೂತಿರುವ ಆ ಗಂಟೆಯಲ್ಲಿ ಹೋಗಿ ಕೇಳುವವರು ಕಡಿಮೆ. ನಮ್ಮ ಹುಡುಗರಂತೂ ಸಂಕೋಚದಲ್ಲೇ ಅರ್ಧ ಸೆಮಿಸ್ಟರ್ ಕಳೆಯುತ್ತಾರೆ.

'ಸರ್, ಯಾವುದಾದ್ರೂ ಮೇಜರ್‌ನಲ್ಲಿ ಸೇರ್ಕೊಂಡು ಆಮೇಲೆ ಸಿಎಸ್‌ಗೆ ಚೇಂಜ್ ಮಾಡ್ಕೊತೀನಿ.' ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಬೇಡ. ಅಲ್ಲಿ ಅಡ್ಮಿಶನ್ ಸಿಗುವುದು ಮೇಜರ್, ಅಂದರೆ ಆರಿಸಿಕೊಂಡ ಮುಖ್ಯ ವಿಷಯದ ಲೆಕ್ಕದಲ್ಲಿ, ಒಳಗೆ ಹೋದ ಮೇಲೆ ಸಿಎಸ್‌ಗೆ, ಅಂದರೆ ಕಂಪ್ಯೂಟರ್ ಸೈನ್ಸಿಗೆ ದಾಟುವುದು ಬಲು ಕಷ್ಟ. ಆದರೆ ಸಿಎಸ್ ಜೊತೆ ಇನ್ನೊಂದು ವಿಷಯ ಸೇರಿಸಿದ ಡಿಗ್ರಿಗಳಿವೆ. ಭಾಷಾಶಾಸ್ತ್ರ, ಸಂಗೀತ, ಖಗೋಳ, ಬೆಳೆ ವಿಜ್ಞಾನ ಕೂಡ. ನನಗೆ ಇವು ಬಹಳ ಇಷ್ಟ. ಸುಮ್ನೆ ಹಿಂಬಾಗಿಲು ಅಂದುಕೊಂಡು ಹೋದವರು ಮಾತ್ರ ಒದ್ದಾಡುತ್ತಾರೆ, ಯಾಕೆಂದರೆ ಆ ಇನ್ನೊಂದು ವಿಷಯವನ್ನೂ ಗಂಭೀರವಾಗಿ ಓದಬೇಕು.

ಇಷ್ಟೆಲ್ಲ ಕಷ್ಟ ಇದ್ದೂ ಯಾಕೆ ಹೋಗಬೇಕು? ಜಾನ್ ಬಾರ್ಡೀನ್ ಅಲ್ಲಿ ಪ್ರೊಫೆಸರ್ ಆಗಿದ್ದವರು, ಭೌತಶಾಸ್ತ್ರದಲ್ಲಿ ಎರಡು ನೊಬೆಲ್ ಪಡೆದ ಒಬ್ಬರೇ ಒಬ್ಬರು. 1972ರ ಎರಡನೆಯದನ್ನು ಹಂಚಿಕೊಂಡವರಲ್ಲಿ ಶ್ರೀಫರ್ ಕೂಡ ಇದ್ದರು. ಬಹುಮಾನ ತಂದ ಆ ಕೆಲಸ ಮಾಡುವಾಗ ಅವರು ಬಾರ್ಡೀನ್ ಕೈಕೆಳಗಿನ ಪಿಎಚ್‌ಡಿ ವಿದ್ಯಾರ್ಥಿ. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದದ್ದೂ ಅಲ್ಲಿಯ ಸೂಪರ್‌ಕಂಪ್ಯೂಟರ್ ಕೇಂದ್ರದಿಂದ. ಅದನ್ನು ಬರೆದವರಲ್ಲಿ ಮಾರ್ಕ್ ಆಂಡ್ರೀಸನ್ ಡಿಗ್ರಿ ಓದುತ್ತಲೇ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದ್ದ ಹುಡುಗ. ನೋಡಿ, ಲ್ಯಾಬಿನ ಒಳಗೆ ಕಾಲಿಟ್ಟವರಿಗೆ ಈ ಜಾಗ ಬೇರೆಯೇ.

ಕಾಲಿಡುವುದು ಹೇಗೆ? ಪ್ರೊಫೆಸರಿಗೆ ನೇರ ಮೇಲ್ ಬರೆಯಿರಿ. 'ರೆಸ್ಪೆಕ್ಟೆಡ್ ಸರ್, ಐ ಆಮ್ ಹೈಲಿ ಮೋಟಿವೇಟೆಡ್' ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಉತ್ತರ ಬರಲ್ಲ. ಒಬ್ಬರ ಒಂದು ಪೇಪರ್ ಓದಿ. ಅರ್ಥವಾಗದ ಒಂದು ಚಿತ್ರವನ್ನೋ ಗ್ರಾಫನ್ನೋ ಹಿಡಿದು ಪ್ರಶ್ನೆ ಕೇಳಿ. ಐದಾರು ಸಾಲು ಸಾಕು. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ, ಅವರೇನೂ ಬೇಜಾರು ಮಾಡಿಕೊಳ್ಳಲ್ಲ.