ಪೆಪ್ಪರಮೆಂಟಿಗೆ ಹಿಟ್ಟಿನ ಅಚ್ಚು

ಮಳೆಗಾಲದಲ್ಲಿ ಕಾರವಾರದ ಯಾವುದೇ ಮನೆಯಲ್ಲಿ ಪೆಪ್ಪರಮೆಂಟು ಮಾಡಿ ನೋಡಿ. ಬೆಳಿಗ್ಗೆ ಗಟ್ಟಿ, ಸಂಜೆಗೆ ಅಂಟಂಟು. ಆಗ ಹಿರಿಯರು ಒಂದೇ ಮಾತಲ್ಲಿ ತೀರ್ಪು ಕೊಡುತ್ತಾರೆ: ಮಾಡಿದವರ ಕೈಗುಣ ಸರಿ ಇಲ್ಲ. ಈ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ. ಕೈಗೂ ಇದಕ್ಕೂ ಸಂಬಂಧವೇ ಇಲ್ಲ. ಎಲ್ಲವೂ ನೀರಿನ ಕೆಲಸ. ಅಚ್ಚು ಆರಿಸುವಾಗಲೂ ನೀರಿನ ಲೆಕ್ಕವನ್ನೇ ಹಾಕಬೇಕು.

ಶಿರಸಿ ಕಡೆಯ ಆಲೆಮನೆ ನೋಡಿದವರಿಗೆ ಅರ್ಧ ಪಾಠ ಆಗಲೇ ಗೊತ್ತು. ಕಬ್ಬಿನ ಹಾಲಿನ ನೀರು ಇಂಗುತ್ತಾ ಹೋದಂತೆ ಅದರ ಶಾಖ ಏರುತ್ತದೆ. ಸುಮಾರು 106 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಲೆಯಿಂದ ಇಳಿಸಿದರೆ ಪಾಕದಂಥ ಜೋನಿ ಬೆಲ್ಲ, 118ರ ಹತ್ತಿರ ಹೋದರೆ ಗಟ್ಟಿ ಬೆಲ್ಲ. ಸಕ್ಕರೆ ಪಾಕವನ್ನು 150ಕ್ಕೆ ಒಯ್ದರೆ ಅದರಲ್ಲಿ ಉಳಿಯುವ ನೀರು ನೂರಕ್ಕೆ ಒಂದೆರಡು ಭಾಗ ಮಾತ್ರ. ಪೆಪ್ಪರಮೆಂಟಿಗೆ ಬೇಕಾದ ಹದ ಅದೇ.

ಈ ಪಾಕ ಆರಿದಾಗ ಹರಳಾಗುವುದಿಲ್ಲ, ಗಾಜಾಗುತ್ತದೆ. ಹರಳಿನಲ್ಲಿ ಸಕ್ಕರೆಯ ಅಣುಗಳು ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂತಿರುತ್ತವೆ. ಗಾಜಿನಲ್ಲಿ ಹಾಗಿಲ್ಲ, ಮಾರಿಕಾಂಬಾ ಜಾತ್ರೆಯ ಜನ ಇದ್ದಕ್ಕಿದ್ದಂತೆ ನಿಂತಲ್ಲೇ ಕಲ್ಲಾದ ಹಾಗೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಹರಳಿನ ಜಾತಿ. ಅದಕ್ಕೆ ನೀರಲ್ಲಿ ನೆನೆಸಿದ ಮರದ ಅಚ್ಚು ಸರಿ. ಅದೇ ಒದ್ದೆ ಮರಕ್ಕೆ 150 ಡಿಗ್ರಿಯ ಪಾಕ ಸುರಿದರೆ? ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಪಾಕ ಸಿಡಿಯುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸೋಣ ಅನ್ನುವವರಿದ್ದಾರೆ. ಬೇಡವೇ ಬೇಡ. ಜಿಪ್ಸಂ ಕಲ್ಲನ್ನು 150 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಅದರೊಳಗಿನ ನೀರಲ್ಲಿ ಮುಕ್ಕಾಲು ಪಾಲು ಓಡಿಸಿಯೇ ಆ ಪುಡಿ ಮಾಡುವುದು. ಕಲಸಿದಾಗ ಪುಡಿ ಆ ನೀರನ್ನು ವಾಪಸ್ ಹಿಡಿದುಕೊಂಡು ಗಟ್ಟಿಯಾಗುತ್ತದೆ. ನಮ್ಮ ಪಾಕದ ಶಾಖವೂ ಅಷ್ಟೇ! ಅಂದರೆ ಪಾಕ ಸುರಿದಾಗ ಅಚ್ಚು ಹಿಡಿದಿಟ್ಟ ನೀರನ್ನು ಮತ್ತೆ ಬಿಡತೊಡಗುತ್ತದೆ. ಮೇಲಾಗಿ ಅದು ತಿನ್ನುವ ವಸ್ತುವಿಗೆ ತಾಗಬೇಕಾದ ಪುಡಿಯೂ ಅಲ್ಲ. ಚಾಕಲೇಟಿನ ತೆಳು ಪ್ಲಾಸ್ಟಿಕ್ ಅಚ್ಚು ಈ ಬಿಸಿಗೆ ಮುದುಡಿಹೋಗುತ್ತದೆ. ಲೋಹದ ಅಚ್ಚಾದರೆ ಆಗುತ್ತದೆ, ಎಣ್ಣೆ ಸವರಬೇಕು ಅಷ್ಟೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1864ರಲ್ಲಿ ಶುರುವಾದ ಥಾಮಸ್ ಮಿಲ್ಸ್ ಕಂಪನಿ ಎರಡು ಹೋಳಿನ ಲೋಹದ ಅಚ್ಚು ಮಾಡುತ್ತಿತ್ತು. ಅದರಲ್ಲಿ ಕ್ರಿಸ್‌ಮಸ್ಸಿಗೆ ಪಾರದರ್ಶಕ ಸಕ್ಕರೆ ಬೊಂಬೆಗಳನ್ನು ಎರೆಯುತ್ತಿದ್ದರು. ಎರಡು ಹೋಳು ಕಟ್ಟಿ ಎರೆಯುವ ನಮ್ಮ ಸಂಕ್ರಾಂತಿಯ ಉಪಾಯವೇ, ಅಲ್ವಾ?

ಆದರೆ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾರ್ನ್‌ಫ್ಲೋರ್. ಅದನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತೇವ ಕಳೆಯಿರಿ. ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ. ಚೆನ್ನಾಗಿ ತೊಳೆದು ಒಣಗಿಸಿದ ಬೆಳಚಿನ ಚಿಪ್ಪನ್ನೋ, ಗುಂಡನೆಯ ಅಡಿಕೆಯನ್ನೋ ಒತ್ತಿ ತೆಗೆಯಿರಿ. ಆ ಗುಳಿಗೆ ಪಾಕ ಎರೆಯಿರಿ. ಮಕ್ಕಳು ದೂರ ಇರಲಿ. ಈ ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಇಷ್ಟು ಬಿಸಿ ಬಿದ್ದರೂ ಹಿಟ್ಟು ಬೆಂದು ಗಂಜಿಯಾಗುವುದಿಲ್ಲ ಯಾಕೆ? ಇದೇ ನನಗೆ ಭಾರಿ ಖುಷಿ ಕೊಡುವ ಸಂಗತಿ. ಪಿಷ್ಟದ ಕಾಳು ಉಬ್ಬಿ ಬೇಯಲು ಬರೀ ಬಿಸಿ ಸಾಲದು, ನೀರು ಬೇಕು. ನೀರು ಧಾರಾಳ ಇದ್ದರೆ 70 ಡಿಗ್ರಿಯ ಸುಮಾರಿಗೇ ಬೇಯುತ್ತದೆ. ಪಾಕದಲ್ಲಿರುವ ಚೂರುಪಾರು ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿರುತ್ತದೆ, ಹಿಟ್ಟಿಗೆ ಕೊಡುವುದಿಲ್ಲ. ಹಾಗಾಗಿ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ಪಾಕವೂ ಮಂದ, ಬೇಗ ಹೊರಪದರ ಕಟ್ಟುತ್ತದೆ. ಕಾಳುಗಳ ಸಂದಿಗೆ ಇಳಿಯಲು ಪುರುಸೊತ್ತೇ ಇಲ್ಲ. ಆರಿದ ಮೇಲೆ ಬ್ರಷ್‌ನಿಂದ ಒರೆಸಿದರೆ ಚಿಪ್ಪಿನ ಗೆರೆಗಳೂ ಕಾಣುತ್ತವೆ.

ಇನ್ನು ಸಂಜೆಯ ಅಂಟು. ಒಣ ಸಕ್ಕರೆ ಗಾಜು 60 ಡಿಗ್ರಿಯವರೆಗೂ ಗಟ್ಟಿಯಾಗಿರಬಲ್ಲದು. ನೂರಕ್ಕೆ ನಾಲ್ಕು ಭಾಗ ನೀರು ಸೇರಿತೋ, ಆ ಮಿತಿ ಕೋಣೆಯ ಶಾಖಕ್ಕೇ ಇಳಿಯುತ್ತದೆ. ಮಳೆಗಾಲದ ಕರಾವಳಿಯ ಗಾಳಿಯಲ್ಲಿ ತೇವ ಶೇಕಡಾ 80 ದಾಟುವುದು ಮಾಮೂಲು. ತೆರೆದಿಟ್ಟ ಪೆಪ್ಪರಮೆಂಟು ಅದನ್ನು ಹೀರುತ್ತಲೇ ಇರುತ್ತದೆ. ನಿಂಬೆ ಹುಳಿ ಜಾಸ್ತಿ ಹಾಕಿ ಕುದಿಸಿದರೆ ಸಕ್ಕರೆ ಒಡೆದು ಫ್ರಕ್ಟೋಸ್ ಹೆಚ್ಚುತ್ತದೆ, ಅದು ತೇವ ಹೀರುವುದರಲ್ಲಿ ಇನ್ನೂ ಮುಂದೆ. ಹರಳು ಕಟ್ಟದಿರಲು ಕೆಲವೇ ಹನಿ ಸಾಕು. ಆರಿದ ತಕ್ಷಣ ಒಂದೊಂದನ್ನೂ ಸುತ್ತಿ, ಗಾಳಿಯಾಡದ ಡಬ್ಬಿಗೆ ಹಾಕಿ. ಉಳಿದ ಹಿಟ್ಟನ್ನು ಜರಡಿ ಹಿಡಿದು, ಮತ್ತೆ ಬೆಚ್ಚಗೆ ಮಾಡಿ ಎತ್ತಿಟ್ಟರೆ ಮುಂದಿನ ಸಲಕ್ಕೂ ಅದೇ ಆಗುತ್ತದೆ.